ಯುದ್ಧ ಬಂದರೆ ನಂದಿಯ ಭೋಗನಂದೀಶ್ವರ ದೇವಸ್ಥಾನಕ್ಕೆ ರಕ್ಷಣೆ ಇದೆಯಾ?

ಕಾನೂನಿನಲ್ಲಿ ಇದೆ. ಯುದ್ಧದಲ್ಲಿ ಸಾಂಸ್ಕೃತಿಕ ಆಸ್ತಿ ಕಾಪಾಡಲು ದೇಶಗಳು ಮಾಡಿಕೊಂಡ 1954ರ ಹೇಗ್ ಒಪ್ಪಂದದ ಪ್ರಕಾರ ಇಂಥ ಸ್ಮಾರಕಗಳ ಮೇಲೆ ದಾಳಿ ಮಾಡುವಂತಿಲ್ಲ. ನಮ್ಮ ಸೇನೆಯೂ ಅಲ್ಲಿ ಮದ್ದುಗುಂಡು ತುಂಬಿಡುವಂತಿಲ್ಲ, ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಭಾರತ 1958ರಲ್ಲೇ ಒಪ್ಪಿಕೊಂಡಿದೆ. ನೀಲಿ-ಬಿಳಿ ಗುರಾಣಿ ಇದರ ಗುರುತು. ಆದರೆ 'ಸೈನಿಕ ಅನಿವಾರ್ಯತೆ', ಅಂದರೆ ಯುದ್ಧದಲ್ಲಿ ಬೇರೆ ದಾರಿಯೇ ಇಲ್ಲದಾಗ ಈ ನಿಯಮ ಬಿಡಬಹುದು ಎಂಬ ವಿನಾಯಿತಿ ಇದೆಯಲ್ಲ, ತೊಡಕು ಅಲ್ಲೇ.

ಸಣ್ಣ ವಿಗ್ರಹಗಳನ್ನು ಬೇರೆ ಕಡೆ ಸಾಗಿಸಬಹುದು. ಕಲ್ಲಿನ ಕಂಬ ಹೊತ್ತೊಯ್ಯೋಕಾಗುತ್ತಾ? ಸುತ್ತ ಮರಳಿನ ಚೀಲ ಜೋಡಿಸಬೇಕು. 1971ರಲ್ಲಿ ತಾಜ್ ಮಹಲ್ ವಿಮಾನಗಳಿಗೆ ಕಾಣದಿರಲಿ ಅಂತ ಬಟ್ಟೆ ಹೊದಿಸಿದ್ದರು! ನನ್ನ ಪ್ರಕಾರ ಮೊದಲು ಬೇಕಾದ್ದು ಪ್ರತಿ ಕೆತ್ತನೆಯ ಫೋಟೋ, ಅಳತೆ, ಪಟ್ಟಿ. ಒಡೆದರೆ ಮತ್ತೆ ಜೋಡಿಸಲು ಅದೇ ಆಧಾರ. ಅದನ್ನು ಈಗಲೇ, ಶಾಂತಿ ಇರುವಾಗಲೇ ಮಾಡಿಡಬೇಕು.

ಅಂದಹಾಗೆ, ಪಕ್ಕದ ನಂದಿ ಬೆಟ್ಟದ ಕೋಟೆಯನ್ನು 1791ರಲ್ಲಿ ಬ್ರಿಟಿಷರು ಫಿರಂಗಿ ಹಾರಿಸಿಯೇ ಹಿಡಿದರು. ಆಗ ಇಂಥ ಒಪ್ಪಂದ ಯಾವುದೂ ಇರಲಿಲ್ಲ.