ಎರಡೂ ಮನೆಯ ಕಥೆ ಬೇಕು

ಪ್ರಶ್ನೆ: ನಾನು, ನನ್ನ ಗಂಡ ಬೇರೆ ಬೇರೆ ಭಾಷೆಯವರು. ಎಂಟು ವರ್ಷದ ಮಗಳು 'ನಾನು ಯಾರ ಕಡೆಯವಳು?' ಅಂತ ಕೇಳುತ್ತಾಳೆ. ಏನು ಹೇಳಲಿ?

ಉತ್ತರ: 'ಎರಡೂ ಕಡೆಯವಳು' ಅಂತ ಸುಮ್ನೆ ಹೇಳಿದರೆ ಸಾಲದು, ಅವಳಿಗೆ ಕಥೆ ಬೇಕು. ಅಮೆರಿಕದ ಎಮೋರಿ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ಮಾರ್ಷಲ್ ಡ್ಯೂಕ್, ರಾಬಿನ್ ಫೈವುಶ್ ಮಕ್ಕಳಿಗೆ 20 ಪ್ರಶ್ನೆ ಕೇಳಿದ್ದರು: ಅಪ್ಪ ಅಮ್ಮ ಹೇಗೆ ಭೇಟಿಯಾದರು, ಅಜ್ಜ ಅಜ್ಜಿ ಎಲ್ಲಿ ಬೆಳೆದರು, ಇಂಥವು. ಮನೆಯ ಕಥೆ ಜಾಸ್ತಿ ಗೊತ್ತಿದ್ದ ಮಕ್ಕಳಿಗೆ ತಮ್ಮ ಮೇಲೆ ನಂಬಿಕೆಯೂ ಜಾಸ್ತಿ ಇತ್ತು. ಹಳೇ ಫೋಟೋ ಕೈಗೆ ಕೊಡಿ, ಹಿಂಬದಿಯಲ್ಲಿ ಅಜ್ಜಿ ತಮ್ಮ ಲಿಪಿಯಲ್ಲಿ ಬರೆದ ಹೆಸರಿದ್ದರೆ ಬೆರಳಿಟ್ಟು ಓದಿಸಿ. ಗೆದ್ದ ಕಥೆ ಮಾತ್ರ ಬೇಡ. ನಿಮ್ಮ ಮದುವೆಗೆ ಯಾರಾದರೂ ಮುನಿಸಿಕೊಂಡಿದ್ದರೆ ಅದನ್ನೂ ಹೇಳಿ, ಮಕ್ಕಳಿಗೆ ಅರ್ಥವಾಗುತ್ತೆ. ಒಂದು ಕಡೆಯ ಕಥೆ ನಿಮಗೇ ಗೊತ್ತಿಲ್ಲ ಅಲ್ವಾ? ಆ ಕಡೆಯ ಹಿರಿಯರಿಗೆ ಫೋನ್ ಮಾಡಿ ಕೊಡಿ, ಅವಳೇ ಕೇಳಲಿ.