ವೈಬಿಸಿಒ ಪುಡಿಯಿಂದ ಆಕ್ಸಿಜನ್ ಹೋಗಿದ್ದು ಎಷ್ಟು? ಟಿಜಿಎ ತೂಕವನ್ನು ನಂಬಬಹುದಾ?

ಉಡುಪಿಯಲ್ಲಿ ಎಂಎಸ್ಸಿ ಪ್ರಾಜೆಕ್ಟ್ ಮಾಡುತ್ತಿದ್ದೀರಿ. ನಿಮ್ಮ ಯಿಟ್ರಿಯಂ ಬೇರಿಯಂ ಕಾಪರ್ ಆಕ್ಸೈಡ್ (ವೈಬಿಸಿಒ ಅನ್ನುವ ಸೂಪರ್ ಕಂಡಕ್ಟರ್) ಪುಡಿಯ ತೂಕ ಟಿಜಿಎಯಲ್ಲಿ, ಅಂದರೆ ಬಿಸಿ ಮಾಡುತ್ತಾ ತೂಕ ಅಳೆಯುವ ಯಂತ್ರದಲ್ಲಿ, 150 ಡಿಗ್ರಿಯೊಳಗೇ ಇಳಿಯಿತು, ಹೋಗಿದ್ದು ಆಕ್ಸಿಜನ್ನೇ ಅಲ್ವಾ ಅಂತ ಕೇಳಿದ್ದೀರಿ. ಅಲ್ಲ, ಅದು ನೀರು. ಈ ಪುಡಿ ಗಾಳಿಯಲ್ಲಿ ಆಕ್ಸಿಜನ್ ಬಿಡಲು ಶುರು ಮಾಡುವುದು 400 ಡಿಗ್ರಿ ಆಸುಪಾಸಿನಲ್ಲಿ.

ನಾನು ಸುರತ್ಕಲ್ ಕಡೆ ಇಂಥದ್ದೇ ಕೆಲಸ ಮಾಡುವವನು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಬಾಟಲಿ ಮುಚ್ಚಳ ಸ್ವಲ್ಪ ಸಡಿಲ ಇದ್ದರೂ ಕೆಲಸ ಕೆಟ್ಟಿತು. ತೇವ ತಾಗಿದರೆ ಬೇರಿಯಂ ಮೊದಲು ಹೈಡ್ರಾಕ್ಸೈಡ್ ಆಗುತ್ತದೆ, ಆಮೇಲೆ ಕಾರ್ಬೊನೇಟ್. 150 ಡಿಗ್ರಿಗೆ ಬಿಸಿ ಮಾಡಿದರೆ ಹೋಗುವುದು ಮೇಲಿನ ತೇವ ಮಾತ್ರ, ಕಾರ್ಬೊನೇಟ್ ಅಲ್ಲೇ ಕೂತಿರುತ್ತದೆ. ತೇವ ಹೀರಿ ಸಿಲಿಕಾ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದ ಡೆಸಿಕೇಟರ್ (ಪುಡಿಯನ್ನು ಒಣಗಿಸಿಡುವ ಪಾತ್ರೆ) ಇದ್ದೂ ಇಲ್ಲದ ಹಾಗೆ.

ನೀವು ಹುಡುಕುತ್ತಿರುವ ವ್ಯತ್ಯಾಸ ಎಷ್ಟು ಸಣ್ಣದು ನೋಡಿ. ಒಂದು ಫಾರ್ಮುಲಾದಲ್ಲಿ (ಒಂದು ಯಿಟ್ರಿಯಂ, ಎರಡು ಬೇರಿಯಂ, ಮೂರು ತಾಮ್ರಕ್ಕೆ) ಆಕ್ಸಿಜನ್ ಪರಮಾಣು ಸರಾಸರಿ 7ರಿಂದ 6.9ಕ್ಕೆ ಇಳಿದರೆ 100 ಮಿಲಿಗ್ರಾಂ ಪುಡಿಯಲ್ಲಿ ಕಮ್ಮಿಯಾಗುವುದು 0.24 ಮಿಲಿಗ್ರಾಂ, ಅಷ್ಟೇ. ಇದರ ಜೊತೆಗೆ ಬಿಸಿ ಗಾಳಿ ಹಗುರ, ಪುಡಿ ಇಟ್ಟ ಪುಟ್ಟ ಕಪ್ ಅನ್ನು ಮೇಲೆತ್ತುವ ಅದರ ಬಲವೂ ಕಡಿಮೆ. ಹಾಗಾಗಿ ಏನೂ ಆಗದಿದ್ದರೂ ತೂಕ ಏರಿದಂತೆ ಕಾಣುತ್ತದೆ. ಅದೇ ಕಪ್‌ನಲ್ಲಿ ಬಿಸಿಗೆ ಬದಲಾಗದ ಅಲ್ಯೂಮಿನಾ ಪುಡಿ ಹಾಕಿ, ಅದೇ ಗ್ಯಾಸ್, ಅದೇ ವೇಗದಲ್ಲಿ ಹೋಲಿಕೆಗೆ ಒಂದು ಬ್ಲಾಂಕ್ ರನ್ ಮಾಡಿ, ನಿಮ್ಮ ರೀಡಿಂಗ್‌ನಿಂದ ಕಳೆಯಿರಿ.

ಇನ್ನು ನೀರಾ, ಆಕ್ಸಿಜನ್ನಾ ಅಂತ ಗೊತ್ತಾಗಬೇಕಾದರೆ ಬಿಸಿ ಮಾಡಿ ನಿಲ್ಲಿಸಬೇಡಿ. ಒಣ ಆಕ್ಸಿಜನ್ ಹರಿಸುತ್ತಲೇ ನಿಧಾನಕ್ಕೆ ತಣ್ಣಗಾಗಿಸಿ. ಆಕ್ಸಿಜನ್ ಹೋಗಿದ್ದರೆ ತೂಕ ವಾಪಸ್ ಬರುತ್ತದೆ. ನೀರು ಹೋಗಿದ್ದರೆ ಒಣ ಗ್ಯಾಸ್‌ನಲ್ಲಿ ಬರುವುದೆಲ್ಲಿಂದ? ಹೀಗೆ ಬಿಸಿ ಮಾಡಿ ತಣ್ಣಗಾಗಿಸುವುದನ್ನು ಎರಡು ಸುತ್ತು ಮಾಡಿ, ಎರಡನೇ ಸುತ್ತಿನ ಗೆರೆಯನ್ನೇ ಲೆಕ್ಕಕ್ಕೆ ಹಿಡಿಯಿರಿ, ಮೊದಲನೆಯದನ್ನು ಬಿಟ್ಟುಬಿಡಿ.

ಆದರೆ ಇದೆಲ್ಲ ಹೇಳುವುದು ಎಷ್ಟು ಬದಲಾಯಿತು ಅಂತ ಮಾತ್ರ. ಶುರುವಿನಲ್ಲಿ 6.9 ಇತ್ತಾ, 6.7 ಇತ್ತಾ ಅನ್ನುವುದಕ್ಕೆ ಅಯೋಡಿನ್ ಟೈಟ್ರೇಶನ್ ಮಾಡಿ. ಮುಖ್ಯವಾಗಿ ಬೇಕಾಗುವುದು ಬ್ಯೂರೆಟ್, ಥಯೋಸಲ್ಫೇಟ್, ಪೊಟ್ಯಾಸಿಯಂ ಅಯೊಡೈಡ್, ಆಸಿಡ್, ನೈಟ್ರೋಜನ್. ಒಂದು ಸಲ ಪುಡಿಯನ್ನು ಆಸಿಡ್‌ನಲ್ಲಿ ಕರಗಿಸಿ ಆಮೇಲೆ ಅಯೊಡೈಡ್ ಹಾಕಿ. ಇನ್ನೊಂದು ಸಲ ಅಯೊಡೈಡ್ ಇರುವ ಆಸಿಡ್‌ಗೇ ಪುಡಿ ಹಾಕಿ. ಎರಡರ ವ್ಯತ್ಯಾಸವೇ ನಿಮ್ಮ ಮೂರು ಚಾರ್ಜಿನ ತಾಮ್ರ (Cu³⁺); ಆಕ್ಸಿಜನ್ ಹೆಚ್ಚಿದ್ದಷ್ಟೂ ಇದು ಹೆಚ್ಚು. ಅದು ಸೊನ್ನೆ ಬಂದರೆ ಆಕ್ಸಿಜನ್ 6.5, ಮೂರು ತಾಮ್ರದಲ್ಲಿ ಒಂದು ಸಿಕ್ಕರೆ 7. ನೈಟ್ರೋಜನ್ ಗುಳ್ಳೆ ಬಿಡುತ್ತಾ ಮಾಡಿ. ಇಲ್ಲದಿದ್ದರೆ ಗಾಳಿಯೇ ಅಯೊಡೈಡನ್ನು ಅಯೋಡಿನ್ ಮಾಡಿ ಲೆಕ್ಕ ಜಾಸ್ತಿ ತೋರಿಸುತ್ತದೆ.