ನಾಲ್ಕು ಗಂಟೆಯ ಸಾಲು ಖಾಲಿ ಇತ್ತು

"ಮಕ್ಕೊಂಡಿದ್ದೆ ರೀ ಮೇಡಂ. ನಾ ಆಗ ಮಕ್ಕೊಂಡಿದ್ದೆ."

ನಾನು ಆಪ್ತಸಮಾಲೋಚಕಿ, ಈ ಮಾತು ಬಂದಿದ್ದು ಆಕೆ ನನ್ನ ಹತ್ತಿರ ಬಂದ ಮೂರನೇ ಭೇಟಿಯಲ್ಲಿ. ಅದಕ್ಕೂ ಮುಂಚೆ ಎರಡು ಸಲ ಬಂದಾಗ ಆಕೆ ಹೇಳಿದ್ದೆಲ್ಲ ಮೈಯ ಕಷ್ಟ. ನಿದ್ದೆ ಬರುತ್ತಿಲ್ಲ, ರೊಟ್ಟಿ ಗಂಟಲಲ್ಲಿ ಇಳಿಯುತ್ತಿಲ್ಲ, ಪಕ್ಕದ ಮನೆಯಲ್ಲಿ ಮಿಕ್ಸಿ ಹಾಕಿದರೂ ಎದೆ ಧಸಕ್ಕೆನ್ನುತ್ತದೆ. ರಾತ್ರಿ ನಾಲ್ಕೈದು ಸಲ ಎದ್ದು ಏಳು ವರ್ಷದ ಮಗನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಾಳಂತೆ. ಮಿಕ್ಸಿ ಯಾಕೆ ಅಂತ ಕೇಳಿದೆ. ಕಫ ಎಳೆಯೋ ಸಕ್ಷನ್ ಮಷೀನು ಹಂಗೇ ಸದ್ದು ಮಾಡ್ತದ್ರಿ ಅಂದಳು.

ಆಕೆಯನ್ನು ಹುಲಿಗೆಮ್ಮ ಅಂತ ಕರೆಯೋಣ. ಹೆಸರು ನಾನಿಟ್ಟಿದ್ದು, ಗುರುತು ಸಿಗುವ ವಿವರಗಳನ್ನೂ ಬದಲಿಸಿದ್ದೇನೆ. ಬರೆಯೋದಕ್ಕೆ ಆಕೆಯೂ, ಈ ಕಥೆಯಲ್ಲಿ ಮುಂದೆ ಬರುವ ಇನ್ನೊಬ್ಬ ಹೆಣ್ಣುಮಗಳೂ ಒಪ್ಪಿದ್ದಾರೆ. ವಯಸ್ಸು 31, ಮಾನ್ವಿ ಕಡೆಯ ಊರು. ಗಂಡ ಬೆಂಗಳೂರಿಗೆ ಗುಳೆ ಹೋಗಿದ್ದಾನೆ, ಕಟ್ಟಡದ ಕೆಲಸ. ಈಕೆ ತಾಯಿ ಮತ್ತು ಮಗನ ಜೊತೆ ರಾಯಚೂರಿನಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದಾಳೆ. ಪಿಯುಸಿ ಆದಮೇಲೆ ಕೆಲವೇ ತಿಂಗಳ ತರಬೇತಿ, ಜನರಲ್ ಡ್ಯೂಟಿ ಅಸಿಸ್ಟೆಂಟ್ ಅಂತ. ಆಮೇಲೆ ಒಂದು ಏಜೆನ್ಸಿಗೆ ಸೇರಿದಳು. ಅವರು ರೋಗಿಗಳ ಮನೆಗೆ ಕಳಿಸುತ್ತಾರೆ, ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಡ್ಯೂಟಿ.

ಮನೆಯವರು ಆಕೆಯನ್ನು ಸಿಸ್ಟರ್ ಅಂತಿದ್ದರು. ಆಕೆ ಸಿಸ್ಟರ್ ಅಲ್ಲ. ಜಿಎನ್‌ಎಂ ನರ್ಸಿಂಗ್ ಅಂದರೆ ಮೂರು ವರ್ಷದ ಓದು. ಈಕೆ ಕಲಿತಿದ್ದು ಮೈ ಒರೆಸೋದು, ಮಗ್ಗುಲು ಬದಲಿಸೋದು, ಜ್ವರ ಬಿಪಿ ನೋಡೋದು, ಊಟ ಉಣಿಸೋದು. ಆದರೆ ಆ ಮನೆಯ ಕೋಣೆ ಅಕ್ಷರಶಃ ಐಸಿಯು. ಸ್ಟ್ರೋಕ್ ಆಗಿ ಬಲಗಡೆ ಮೈ ಬಿದ್ದುಹೋದ 72 ವರ್ಷದ ಹಿರಿಯರು, ಗಂಟಲಿಗೆ ತೂತು ಮಾಡಿ ಹಾಕಿದ ಟ್ರೆಕಿಯಾಸ್ಟಮಿ ಟ್ಯೂಬು, ಮೂಗಿನಿಂದ ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬು, ಮೂತ್ರಕ್ಕೆ ಕ್ಯಾಥೆಟರ್, ಕರೆಂಟಿನಿಂದ ನಡೆಯುವ ಆಕ್ಸಿಜನ್ ಮಷೀನು (ಕಾನ್ಸಂಟ್ರೇಟರ್), ಏರ್ ಬೆಡ್. ಕಫ ಎಳೆಯೋದನ್ನು ಆಸ್ಪತ್ರೆಯ ನರ್ಸ್ ಒಬ್ಬರು ಡಿಸ್ಚಾರ್ಜ್ ದಿನ ಎರಡು ಸಲ ತೋರಿಸಿಕೊಟ್ಟರಂತೆ. ಒಮ್ಮೆ ನಳಿಕೆ ಒಳಗೆ ಹೋದರೆ 10-15 ಸೆಕೆಂಡಿಗಿಂತ ಜಾಸ್ತಿ ಎಳೆಯಬಾರದು, ಅಷ್ಟೇ ಹೇಳಿದ್ದು. ಆಕೆ ಮನಸ್ಸಲ್ಲೇ ಒಂದರಿಂದ ಹತ್ತು ಎಣಿಸುತ್ತಿದ್ದಳು. ಏಳು ತಿಂಗಳು ಎಣಿಸಿದಳು.

ಆ ಹಿರಿಯರನ್ನು ತಾತ ಅಂತ ಕರೆಯುತ್ತಿದ್ದಳು. ಅವರಿಗೆ ಮಾತು ಇರಲಿಲ್ಲ, ಎಡಗೈ ಬರುತ್ತಿತ್ತು. ಮಂಚದ ಕಬ್ಬಿಣದ ಪಟ್ಟಿಗೆ ಬೆರಳಿನ ಉಂಗುರದಿಂದ ಬಡಿಯುತ್ತಿದ್ದರು. ಒಂದು ಸಲ ಬಡಿದರೆ ಹೌದು, ಎರಡು ಸಲ ಬಡಿದರೆ ಬ್ಯಾಡ. ಈ ಲೆಕ್ಕ ಅವರಿಬ್ಬರ ನಡುವೆಯೇ ಹುಟ್ಟಿದ್ದು. ತಾತನ ಮಗನಿಗೂ ಗೊತ್ತಿರಲಿಲ್ಲ. ಇದನ್ನು ಹೇಳುವಾಗ ಹುಲಿಗೆಮ್ಮ ನನ್ನ ಟೇಬಲ್ಲಿನ ಅಂಚಿಗೆ ಬಳೆಯಿಂದ ಎರಡು ಸಲ ಬಡಿದು ತೋರಿಸಿದಳು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ನಾನೂ ಆಡಿಸಲಿಲ್ಲ.

ಇನ್ನು ಆ ರಾತ್ರಿಯ ವಿಷಯ. ಮೇ ತಿಂಗಳು. ರಾಯಚೂರಿನ ಮೇ ಅಂದ್ರೆ ನಿಮಗೆ ಗೊತ್ತು, ಮಧ್ಯರಾತ್ರಿಯಲ್ಲೂ ಗೋಡೆ ಮುಟ್ಟಿದರೆ ಬಿಸಿ. ಹಿಂದಿನ ರಾತ್ರಿ ಎಂಟಕ್ಕೆ ಡ್ಯೂಟಿಗೆ ಹೋದವಳು. ಬೆಳಿಗ್ಗೆ ಬರಬೇಕಿದ್ದ ಹಗಲು ಡ್ಯೂಟಿಯವಳು ಬರಲಿಲ್ಲ. ಆಫೀಸಿನಿಂದ ಫೋನು ಬಂತು, ಇವತ್ತೊಂದಿನ ಅಡ್ಜಸ್ಟ್ ಮಾಡ್ಕೋ ಅಂತ. ಹಗಲು ಮಾಡಿದಳು. ಸಂಜೆ ಮತ್ತೆ ತನ್ನದೇ ಡ್ಯೂಟಿ ಶುರು. ನಡುವೆ ಸೊಸೆ ಒಂದು ಗಂಟೆ ಮಾವನ ಹತ್ತಿರ ಕೂತಾಗ ಅಷ್ಟು ಹೊತ್ತು ಕಣ್ಣು ಮುಚ್ಚಿದ್ದು ಬಿಟ್ಟರೆ ನಿದ್ದೆಯಿಲ್ಲ. ಬೆಳಗಿನ ನಾಲ್ಕು ಗಂಟೆಗೆ ಲೆಕ್ಕ ಹಾಕಿದರೆ 32 ತಾಸು.

ಎಚ್ಚರವಾದಾಗ ನಾಲ್ಕೂ ಐವತ್ತು. ತಾತನ ಗಂಟಲಲ್ಲಿ ಗೊರಗೊರ ಸದ್ದು, ರಕ್ತದ ಆಕ್ಸಿಜನ್ ಮಟ್ಟ ನೋಡೋಕೆ ಬೆರಳಿಗೆ ಹಾಕಿದ್ದ ಆಕ್ಸಿಮೀಟರಿನಲ್ಲಿ 78. ಕಫ ಎಳೆದಳು, ಸಿಲಿಂಡರ್ ಹಚ್ಚಿದಳು, ಮಗನನ್ನು ಎಬ್ಬಿಸಿದಳು, 108ಕ್ಕೆ ಫೋನ್ ಮಾಡಿದಳು. ಎರಡು ದಿನದ ನಂತರ ಆಸ್ಪತ್ರೆಯಲ್ಲಿ ತಾತ ತೀರಿಕೊಂಡರು. ನ್ಯುಮೋನಿಯಾ ಅಂದರು. ಆಸ್ಪತ್ರೆಯ ವರಾಂಡದಲ್ಲಿ, ಹೈದರಾಬಾದಿನಿಂದ ಬಂದ ಮಗಳು ಕೇಳಿದಳು, "ಸಿಸ್ಟರ್, ನೀವು ಮಲಗಿದ್ರಾ?" ಹುಲಿಗೆಮ್ಮ "ಇಲ್ಲ ಅಕ್ಕ" ಅಂದಳು.

ಆ "ಇಲ್ಲ" ಅನ್ನೋದೇ ಐದು ವಾರದಿಂದ ಆಕೆಯನ್ನು ತಿನ್ನುತ್ತಿತ್ತು. ತಾತ ಹೋದ ಮರುದಿನವೇ ಏಜೆನ್ಸಿಯವರು ಇನ್ನೊಂದು ಮನೆಗೆ ಕಳಿಸಿದರು. ದಿವಸದ ಊಟಕ್ಕೆ ಯಾರೂ ಕರೆಯಲಿಲ್ಲ. ಏಳು ತಿಂಗಳು ಮೈ ಒರೆಸಿ ಉಣಿಸಿದವಳು ಮುಖ ಕೂಡ ಕಡೇ ಸಲ ನೋಡಲಿಲ್ಲ. ಅಳೋದಕ್ಕೆ ನಾನೇನು ಅವರ ಮನಿ ಮಗಳೇನ್ರಿ ಅಂತ ಕೇಳಿದಳು. ಅಳಬಹುದು ಅಂತ ಹೇಳಿದೆ. ರಕ್ತಸಂಬಂಧ ಇದ್ದವರಿಗೆ ಮಾತ್ರ ದುಃಖದ ಹಕ್ಕು ಅಂತ ಎಲ್ಲೂ ಬರೆದಿಲ್ಲ. ನಮ್ಮ ಊರುಗಳಲ್ಲಿ ಎತ್ತು ಸತ್ತರೆ ಮನೆಮಂದಿಯೆಲ್ಲ ಅಳುತ್ತಾರೆ, ಅಲ್ವಾ? ಕೈಯಾರೆ ಸಾಕಿದ ಜೀವ ಅದು.

ಇಂಥ ಸ್ಥಿತಿಯಲ್ಲಿ ಬಂದವರಿಗೆ ಸಾಯಬೇಕು ಅನಿಸುತ್ತಿದೆಯಾ ಅಂತ ನಾನು ನೇರವಾಗಿಯೇ ಕೇಳುತ್ತೇನೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನೋದು ತಪ್ಪು ತಿಳುವಳಿಕೆ, ಕೇಳಿದರೆ ಎಷ್ಟೋ ಜನಕ್ಕೆ ಹಗುರ ಆಗುತ್ತದೆ. ಒಂದೆರಡು ಸಲ ಅನಿಸಿತ್ತು, ಮಗನ ಮುಖ ನೋಡಿ ಬಿಟ್ಟೆ ಅಂದಳು. ಆವತ್ತೇ ಆಕೆಯ ತಾಯಿಯ ಜೊತೆ ಮಾತಾಡಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಆಕೆಯ ಫೋನಿನಲ್ಲಿ ನಾನೇ ಹಾಕಿಕೊಟ್ಟೆ, ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಬೇಡ. ಒಂದು ತಿಂಗಳು ದಾಟಿದರೂ ಬೆಚ್ಚಿಬೀಳೋದು ನಿಲ್ಲದಿದ್ದರೆ ಮನೋವೈದ್ಯರಿಗೆ ತೋರಿಸಲೇಬೇಕು, ಹಾಗಾಗಿ ಅಲ್ಲಿಗೂ ಕಳಿಸಿದೆ. ನಿದ್ದೆಗೆ ಸ್ವಲ್ಪ ದಿನ ಮಾತ್ರೆ ಕೊಟ್ಟರು. ತಾಲೂಕಿನಲ್ಲಿ ಇರುವವರು ತಾಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್ಕಿಗೆ ಹೋಗಬಹುದು, ಅದು ಮಂಗಳವಾರ ಇರುತ್ತದೆ.

ನಾಲ್ಕನೇ ಭೇಟಿಗೆ ಆ ಮನೆಯ ನೋಟ್‌ಬುಕ್ ತರೋಕೆ ಹೇಳಿದ್ದೆ. ಕೆಲಸ ಮುಗಿದಾಗ ಅದನ್ನು ಯಾರೂ ಕೇಳಿರಲಿಲ್ಲ, ಆಕೆಯ ಚೀಲದಲ್ಲೇ ಉಳಿದಿತ್ತು. ಇನ್ನೂರು ಪುಟದ ಸಾದಾ ಪುಸ್ತಕ, ಗೆರೆ ಎಳೆದು ತಾನೇ ಕಾಲಂ ಮಾಡಿಕೊಂಡಿದ್ದಳು. ಆ ರಾತ್ರಿಯ ಪುಟ ಇಬ್ಬರೂ ಕೂತು ಓದಿದೆವು. ಸ್ಯಾಚು ಅಂದರೆ ಸ್ಯಾಚುರೇಷನ್, ರಕ್ತದ ಆಕ್ಸಿಜನ್ ಮಟ್ಟ. "10.00 ಸ್ಯಾಚು 94, ಬಲಕ್ಕೆ." "12.00 ಸ್ಯಾಚು 93, ಬೆನ್ನ ಮ್ಯಾಲೆ, ಕಫ ಹಳದಿ." "1.40 ಕರೆಂಟ್ ಹೋತು, ಸಿಲಿಂಡರ್." "2.00 ಸ್ಯಾಚು 92, ಎಡಕ್ಕೆ." ಆಮೇಲೆ 4.00 ಅಂತ ಮೊದಲೇ ಬರೆದಿಟ್ಟಿದ್ದ ಸಾಲು. ಮುಂದೆ ಏನೂ ಇಲ್ಲ.

ಆಕೆ ಆ ಸಾಲಿನ ಮೇಲೆ ಬೆರಳಿಟ್ಟು ತೆಗೆಯಲೇ ಇಲ್ಲ. ನಿನ್ನ ತಪ್ಪೇನೂ ಇಲ್ಲ ತಾಯಿ ಅಂತ ಹೇಳಿ ಕಳಿಸೋದು ಸುಲಭ. ನಾನು ಹೇಳಲಿಲ್ಲ, ಯಾಕಂದ್ರೆ ಆಕೆ ನಂಬುತ್ತಿರಲಿಲ್ಲ. ಬದಲಿಗೆ ಹಿಂದಿನ ಪುಟ ತಿರುಗಿಸಿ ಅಂದೆ. ಮೂರು ದಿನದಿಂದ ಜ್ವರ. 100.4, ಮರುದಿನ 101, ಅದರ ಮರುದಿನ 101.2. ಪಕ್ಕದಲ್ಲಿ ಆಕೆಯದೇ ಅಕ್ಷರ: "ಅಣ್ಣಾರಿಗೆ ಹೇಳೀನಿ. ಆಫೀಸಿಗೂ ಹೇಳೀನಿ." ಅಣ್ಣಾರು ಅಂದರೆ ತಾತನ ಮಗ. ಯಾವ ಡಾಕ್ಟರೂ ಬಂದಿರಲಿಲ್ಲ. ಹೆಸರು ಹೇಳದೆ ನನಗೆ ಪರಿಚಯದ ವೈದ್ಯರೊಬ್ಬರನ್ನು ಕೇಳಿದ್ದೆ. ಗಂಟಲಿಗೆ ಟ್ಯೂಬ್ ಇರುವ, ತಿಂಗಳುಗಟ್ಟಲೆ ಮಲಗಿದವರಿಗೆ ಶ್ವಾಸಕೋಶದ ಸೋಂಕು ಬರೋದು ಸಾಮಾನ್ಯ, ಜ್ವರ ಮತ್ತು ಹಳದಿ ಕಫ ಕಂಡ ದಿನವೇ ತೋರಿಸಬೇಕು ಅಂದರು. ಆ ಐವತ್ತು ನಿಮಿಷ ಎಚ್ಚರವಿದ್ದಿದ್ದರೆ ಉಳಿಯುತ್ತಿದ್ದರಾ ಅಂತ ಯಾರಿಂದಲೂ ಹೇಳಲಿಕ್ಕೆ ಆಗೋದಿಲ್ಲ.

ಆಕೆಗೆ ನಾನು ಹೇಳಿದ್ದು ಇಷ್ಟು. ನೀವು ಮಲಗಿದ್ದು ನಿಜ. ಆದರೆ 24 ತಾಸು ನಿದ್ದೆಗೆಟ್ಟ ಮನುಷ್ಯನ ಎಚ್ಚರ ಕುಡಿದವನ ಎಚ್ಚರದಷ್ಟು ಕುಸಿದಿರುತ್ತದೆ ಅಂತ ಪರೀಕ್ಷೆ ಮಾಡಿ ನೋಡಿದ್ದಾರೆ, ನಿಮಗೆ 32 ತಾಸಾಗಿತ್ತು, ಅದೂ ಎಂಥವರಿಗೂ ಜೊಂಪು ಹತ್ತುವ ಬೆಳಗಿನ ಜಾವ. ಅದು ನಿಮ್ಮ ಮನಸ್ಸು ಮಾಡಿದ ಮೋಸ ಅಲ್ಲ, ಮೈ ಕೈಕೊಟ್ಟಿದ್ದು. ಆಸ್ಪತ್ರೆಯಲ್ಲಿ ಒಬ್ಬ ನರ್ಸ್ ತೂಕಡಿಸಿದರೆ ಪಕ್ಕದಲ್ಲಿ ಇನ್ನೊಬ್ಬರು ಇರುತ್ತಾರೆ, ಡ್ಯೂಟಿ ಡಾಕ್ಟರ್ ಇರುತ್ತಾರೆ, ಮಾನಿಟರಿನ ಅಲಾರಾಂ ಇಡೀ ವಾರ್ಡಿಗೆ ಕೇಳುತ್ತದೆ. ಆಸ್ಪತ್ರೆಯ ಮಂಚ, ಮಷೀನು ಎಲ್ಲ ಮನೆಗೆ ತಂದರು, ಆ ಜನವನ್ನು ಮಾತ್ರ ತರಲಿಲ್ಲ. ಅಷ್ಟೂ ಜನರ ಕೆಲಸ ನಿಮ್ಮೊಬ್ಬರ ತಲೆ ಮೇಲೆ ಬಿತ್ತು. ಬದಲಿ ಆಳು ಕಳಿಸದವರ ಪಾಲು, ಜ್ವರ ಕೇಳಿಯೂ ಸುಮ್ನೆ ಇದ್ದವರ ಪಾಲು ಎಲ್ಲ ಸೇರಿಸಿ ನೀವೊಬ್ಬರೇ ಹೊತ್ತಿದ್ದೀರಿ. ನಿಮ್ಮ ಪಾಲು ಎಷ್ಟೋ ಅಷ್ಟು ಮಾತ್ರ ಹೊರಿ.

ಆ ಸುಳ್ಳಿನ ಬಗ್ಗೆ ನಾನು ಸ್ವಲ್ಪ ಅವಸರ ಮಾಡಿದೆ. ಹೋಗಿ ಒಮ್ಮೆ ಆ ಮನೆಯವರನ್ನು ನೋಡಿ ಬನ್ನಿ ಅಂದುಬಿಟ್ಟೆ. ಇನ್ನೂ ಒಂದೆರಡು ಭೇಟಿ ಕಾದು, ಅವರು ಸಿಟ್ಟಾದರೆ ಏನು ಮಾಡೋದು, ಪೊಲೀಸು ಗಿಲೀಸು ಅಂದರೆ ಏನು ಹೇಳೋದು ಅಂತ ಮೊದಲೇ ಮಾತಾಡಿಕೊಂಡು ಕಳಿಸಬೇಕಿತ್ತು. ಆಕೆ ಮರುದಿನವೇ ಹೋದಳು. ಮಗ ಹೊರಗೆ ಬರಲಿಲ್ಲ. ಸೊಸೆ ಚಹಾ ಕೊಟ್ಟರು. ಹುಲಿಗೆಮ್ಮ ಕಪ್ಪು ಕೆಳಗಿಟ್ಟು, ಅಕ್ಕಾ, ಆವತ್ತು ನಾ ಮಕ್ಕೊಂಡಿದ್ದೆ ಅಂತ ಹೇಳಿದಳು.

ಸೊಸೆ ಅಡುಗೆಮನೆ ಬಾಗಿಲು ಮುಂದೆ ಮಾಡಿದರಂತೆ. "ನನಗ ಗೊತ್ತದ. ನಾಲ್ಕಕ್ಕ ನೀರು ಕುಡಿಯಾಕ ಎದ್ದಾಗ ನೋಡೀನಿ. ಎರಡ ದಿನದಿಂದ ನಿದ್ದಿ ಇಲ್ಲ ಪಾಪ, ಮಕ್ಕೊಳ್ಳಲಿ ಅಂತ ಎಬ್ಬಿಸಲಿಲ್ಲ. ನಾ ಯಾರಿಗೂ ಹೇಳಿಲ್ಲ." ಇಬ್ಬರೂ ಅಲ್ಲೇ ಕೂತು ಅತ್ತರಂತೆ.

ಇದೇ ಕೆಲಸದಲ್ಲಿ ಇರುವ ಅಕ್ಕತಂಗಿಯರಿಗೆ, ಹಾಗೆಯೇ ಮನೆಯಲ್ಲಿ ಆರೈಕೆಗೆ ಆಳು ಇಟ್ಟುಕೊಂಡವರಿಗೆ ಈ ಪ್ರಕರಣದಿಂದ ಒಂದಷ್ಟು ಹೇಳಬೇಕು. ಸೇರುವ ದಿನವೇ ನಿಮಗೆ ಏನು ಬರುತ್ತದೆ, ಏನು ಬರೋದಿಲ್ಲ ಅಂತ ಬಾಯಿಬಿಟ್ಟು ಹೇಳಿ. ಇಂಜೆಕ್ಷನ್ ಹಾಕು ಅಂದರೆ ಅದು ನರ್ಸ್ ಕೆಲಸ ಅನ್ನಿ, ಸಿಸ್ಟರ್ ಅಂತ ಕರೆಸಿಕೊಂಡ ಸಂಕೋಚಕ್ಕೆ ಒಪ್ಪಬೇಡಿ. ಬದಲಿಯವರು ಬಾರದಿದ್ದರೆ ಏಜೆನ್ಸಿಗೆ ಬರೀ ಫೋನ್ ಅಲ್ಲ, ಮೆಸೇಜ್ ಹಾಕಿ, ಅದು ಉಳಿಯುತ್ತದೆ. ಮನೆಯವರಿಗೂ ಹೇಳಿ: ನನಗೆ ಇಷ್ಟು ತಾಸಾಯಿತು, ಎರಡು ತಾಸು ಯಾರಾದರೂ ಕೂತುಕೊಳ್ಳಿ ಅಂತ. ಅದು ಸೋಮಾರಿತನ ಅಲ್ಲ, ರೋಗಿಯ ಜೀವದ ಪ್ರಶ್ನೆ. ಜ್ವರ, ಕಫದ ಬಣ್ಣ, ಸ್ಯಾಚುರೇಷನ್ ಬರೆದಿಡೋದಷ್ಟೇ ಅಲ್ಲ, ಮನೆಯವರ ಸಹಿ ಹಾಕಿಸಿ. ಮನೆಯವರು ದಯವಿಟ್ಟು ಆ ಪುಸ್ತಕವನ್ನು ದಿನಕ್ಕೊಮ್ಮೆ ಓದಿ. ಯಾವ ಡಾಕ್ಟರಿಗೆ ಫೋನ್ ಮಾಡಬೇಕು ಅಂತ ನಂಬರನ್ನು ಗೋಡೆಗೆ ಅಂಟಿಸಿ. ರೋಗಿ ತೀರಿಕೊಂಡರೆ, ನೋಡಿಕೊಂಡವರಿಗೂ ಒಂದು ಫೋನ್ ಮಾಡಿ. ಮುಖ ನೋಡೋದಕ್ಕೆ ಬಾ ಅನ್ನಿ.

ಏಜೆನ್ಸಿಯವರು ಬದಲಿಯ ವ್ಯವಸ್ಥೆಗೆ ಒಪ್ಪಲಿಲ್ಲ. ಹುಲಿಗೆಮ್ಮ ಬಿಟ್ಟಳು, ಅರ್ಧ ತಿಂಗಳ ಪಗಾರ ಇನ್ನೂ ಬಂದಿಲ್ಲ. ಈಗ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುತ್ತಾಳೆ, ಹಗಲು ಡ್ಯೂಟಿ ಮಾತ್ರ. ಮಗನ ಮೂಗಿಗೆ ಬೆರಳಿಡೋದು ರಾತ್ರಿಗೆ ಒಂದು ಸಲಕ್ಕೆ ಬಂದಿದೆ. ನಾಲ್ಕು ಗಂಟೆಗೆ ಮಾತ್ರ ಇವತ್ತಿಗೂ ಎಚ್ಚರವಾಗುತ್ತದೆ.

ನನಗೆ ಈಗ ಆ ಸೊಸೆಯದೇ ಯೋಚನೆ. ಎಬ್ಬಿಸದೆ ಬಿಟ್ಟ ಆ ಹೊತ್ತನ್ನು ಅವರೂ ಒಬ್ಬರೇ ಹೊತ್ತುಕೊಂಡಿದ್ದಾರೆ, ಅದೂ ಗಂಡನಿಗೂ ಹೇಳದೆ. ಹುಲಿಗೆಮ್ಮನ ಕೈಯಲ್ಲಿ ನನ್ನ ನಂಬರ್ ಕಳಿಸಿದ್ದೇನೆ. ಬರೆಯೋಕೆ ಹೇಳಿ ಅಂತ ಒಪ್ಪಿಗೆ ಕಳಿಸಿದರು. ಅವರದೇ ಫೋನು ಇನ್ನೂ ಬಂದಿಲ್ಲ.